ಕಾರ್ಬುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ: ಒಂದು ಕಿರುನಳಿಕೆಯ ವೃತ್ತಾಂತ

ಹಳೆಯ ಅಂಬಾಸಡರ್ ಕಾರಿನ ಬಾನೆಟ್ಟನ್ನು ಎತ್ತಿ ನಿಲ್ಲಿಸಿದಾಗ ನೋಡುವವರ ದೃಷ್ಟಿ ಮೊದಲು ಹೋಗುವುದು ರೇಡಿಯೇಟರಿನ ಕಡೆಗೆ, ಏರ್ ಫಿಲ್ಟರಿನ ದಪ್ಪ ಡಬ್ಬಿಯ ಕಡೆಗೆ, ಬ್ಯಾಟರಿಯ ಕಡೆಗೆ. ಇವುಗಳ ನಡುವೆ, ಕಾರ್ಬುರೇಟರಿನ ಮೈಯಿಂದ ಹೊರಟು, ಎಂಜಿನ್ನಿನ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ದಾಟಿ, ಡಿಸ್ಟ್ರಿಬ್ಯೂಟರಿನ ಪಕ್ಕೆಗೆ ಅಂಟಿಕೊಂಡಿರುವ ತಗಡಿನ ಚಪ್ಪಟೆ ಡಬ್ಬಿಯೊಂದರಲ್ಲಿ ಮುಗಿಯುವ, ಪೆನ್ಸಿಲ್ಲಿಗಿಂತಲೂ ತೆಳುವಾದ ನಳಿಕೆಯೊಂದು ಅಲ್ಲಿರುವುದನ್ನು ಯಾರಾದರೂ ಬೆರಳಿಟ್ಟು ತೋರಿಸದ ಹೊರತು ಅದು ಕಣ್ಣಿಗೆ ಬೀಳುವುದು ವಿರಳ. ಇದರೊಳಗೆ ಪೆಟ್ರೋಲು ಹರಿಯುವುದಿಲ್ಲ, ನೀರು ಹರಿಯುವುದಿಲ್ಲ, ಎಣ್ಣೆಯೂ ಹರಿಯುವುದಿಲ್ಲ. ನಿಜವಾಗಿ ನೋಡಿದರೆ ಗಾಳಿಯೂ ಹರಿಯುವುದಿಲ್ಲವೆಂದೇ ಹೇಳಬೇಕು, ಏಕೆಂದರೆ ಅದರ ಒಂದು ತುದಿ ಮುಚ್ಚಿದ ಡಬ್ಬಿಯಲ್ಲಿ ಕೊನೆಗಾಣುತ್ತದೆ. ಅದು ಒಯ್ಯುವುದು ಎಂಜಿನ್ನಿನ ಒಳಗಿನ ಒತ್ತಡ ಈ ಕ್ಷಣದಲ್ಲಿ ಎಷ್ಟಿದೆಯೆಂಬ ವಾರ್ತೆಯೊಂದನ್ನು ಮಾತ್ರ.

ಇಂಥ ನಳಿಕೆ ಕಳಚಿಹೋದರೆ ಕಾರು ನಿಲ್ಲುವುದಿಲ್ಲ. ಅದರ ದುರದೃಷ್ಟವೆಲ್ಲ ಇಲ್ಲಿಯೇ ಇದೆ. ಫ್ಯಾನ್ ಬೆಲ್ಟು ತುಂಡಾದರೆ ಎಂಜಿನ್ನು ಕಾಯುತ್ತದೆ, ಕಾಯಿಲಿನ ತಂತಿ ಕಳಚಿದರೆ ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ, ಆದರೆ ವ್ಯಾಕ್ಯೂಮ್ ಪೈಪು ಬಿಟ್ಟುಹೋದ ಗಾಡಿ ವರ್ಷಗಟ್ಟಲೆ ಓಡಬಲ್ಲುದು, ಸ್ವಲ್ಪ ಹೆಚ್ಚು ಪೆಟ್ರೋಲು ಕುಡಿಯುತ್ತ, ಸ್ವಲ್ಪ ಹೆಚ್ಚು ಬಿಸಿಯಾಗುತ್ತ, ಪಿಕಪ್ಪಿನಲ್ಲಿ ಸ್ವಲ್ಪ ಸೋಮಾರಿಯಾಗುತ್ತ. "ಅದು ಬೇಡ ಬಿಡಿ ಸಾರ್, ಪೈಪಿಲ್ಲದೇನೇ ಗಾಡಿ ಓಡುತ್ತೆ" ಎಂದು ಹೇಳುವ ಮೆಕ್ಯಾನಿಕರು ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ ಒಬ್ಬಿಬ್ಬರಲ್ಲ. ಅವರ ಮಾತು ಸುಳ್ಳಲ್ಲ. ಅರ್ಧ ಮಾತ್ರ ಸತ್ಯ. ಈಚೆಗೆ ಹಳೆಯ ಕಾರುಗಳನ್ನು ಮೂಲರೂಪಕ್ಕೆ ತರುವ ಉತ್ಸಾಹಿಗಳು ಹೆಚ್ಚಿದಂತೆಲ್ಲ, ಬಣ್ಣ ಬಳಿದು ಕ್ರೋಮ್ ಹೊಳಪಿಸಿದ ಬಳಿಕ, ಈ ಪೈಪನ್ನು ಎಲ್ಲಿಂದ ತಂದು ಎಲ್ಲಿಗೆ ಸೇರಿಸಬೇಕೆಂಬ ಪ್ರಶ್ನೆ ಎದುರಾಗುವುದೂ, ಅದಕ್ಕೆ ಪರಸ್ಪರ ವಿರುದ್ಧವಾದ ಎರಡು ಉತ್ತರಗಳು ಸಮಾನ ಆತ್ಮವಿಶ್ವಾಸದಿಂದ ಬರುವುದೂ ಸಾಮಾನ್ಯವಾಗಿಬಿಟ್ಟಿದೆ. ಆ ಉತ್ತರಗಳ ತಾರತಮ್ಯವನ್ನು ಅರಿಯಬೇಕಾದರೆ ಕಿಡಿಯ ಕಾಲನಿರ್ಣಯದ ವಿಚಾರವನ್ನು ಸ್ವಲ್ಪ ಹಿಂದಿನಿಂದಲೇ ಹಿಡಿದು ಬರಬೇಕಾಗುತ್ತದೆ.

ಅಂಬಾಸಡರ್ ನಮ್ಮದೆಂದು ನಾವು ಎಷ್ಟೇ ಅಭಿಮಾನಪಟ್ಟರೂ ಅದರ ಹುಟ್ಟು ಇಂಗ್ಲೆಂಡಿನದು. ಅಲ್ಲಿಯ ಮೂರನೆಯ ಸರಣಿಯ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸವನ್ನು ಪಡೆದು ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಬಂಗಾಳದ ಉತ್ತರಪಾಡಾದಲ್ಲಿ 1957ರಲ್ಲಿ ಅದರ ತಯಾರಿಕೆಯನ್ನು ಆರಂಭಿಸಿತು. ಮೊದಮೊದಲು ಹಳೆಯ ಮಾದರಿಯ ಸೈಡ್ ವಾಲ್ವ್ ಎಂಜಿನ್ನಿದ್ದುದು ಕೆಲವೇ ಕಾಲದಲ್ಲಿ ಬದಲಾಗಿ, 1489 ಘನ ಸೆಂಟಿಮೀಟರಿನ ಬಿ.ಎಂ.ಸಿ. 'ಬಿ' ಸರಣಿಯ ಎಂಜಿನ್ನು ಬಂದಿತು. ಇದೇ ಎಂಜಿನ್ನಿನ ಹಿರಿಯ ಸೋದರವೊಂದು 1962ರಲ್ಲಿ ಹೊರಬಂದ ಎಂ.ಜಿ.ಬಿ. ಎಂಬ ಪ್ರಸಿದ್ಧ ಕ್ರೀಡಾವಾಹನದಲ್ಲಿಯೂ 1798 ಘನ ಸೆಂಟಿಮೀಟರಿನ ಗಾತ್ರಕ್ಕೆ ಬೆಳೆದು ಕುಳಿತಿತ್ತು. ಎಸ್.ಯು. ಕಾರ್ಬುರೇಟರು, ಲೂಕಾಸ್ ಮಾದರಿಯ ಡಿಸ್ಟ್ರಿಬ್ಯೂಟರು, ಇವೆರಡರ ನಡುವಣ ಸಣ್ಣ ಪೈಪು, ಈ ಮೂರರ ಸಂಬಂಧ ಈ ಕುಟುಂಬದ ಕಾರುಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯದಾದುದರಿಂದ, ಮುಂದೆ ಹೇಳುವ ಮಾತು ಅಂಬಾಸಡರಿಗೆ ಎಷ್ಟು ಸಲ್ಲುತ್ತದೆಯೋ ಉಳಿದವುಗಳಿಗೂ ಬಹುಮಟ್ಟಿಗೆ ಅಷ್ಟೇ ಸಲ್ಲುತ್ತದೆ.

ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಒಂದೇ ಏಟಿಗೆ ಸಿಡಿಯುತ್ತದೆಂದು ಬಹುಜನರು ತಿಳಿದಿರುವುದುಂಟು. ಸಿಡಿಯುವುದಲ್ಲ, ಉರಿಯುವುದು, ಪ್ಲಗ್ಗಿನ ತುದಿಯಲ್ಲಿ ಹೊತ್ತಿದ ಜ್ವಾಲೆ ಎದುರು ಗೋಡೆಯನ್ನು ಮುಟ್ಟುವುದಕ್ಕೆ ಸೆಕೆಂಡಿನ ಸಾವಿರದಲ್ಲೊಂದೆರಡು ಪಾಲಾದರೂ ಬೇಕು. ಕೇಳುವುದಕ್ಕೆ ಇದು ಅತ್ಯಲ್ಪ ಕಾಲವೆನಿಸಿದರೂ, ನಿಮಿಷಕ್ಕೆ 600 ಸುತ್ತು ತಿರುಗುತ್ತಿರುವ ಕ್ರ್ಯಾಂಕು ಅಂಥ ಒಂದು ಸಾವಿರದ ಪಾಲಿನಲ್ಲಿ 3.6 ಡಿಗ್ರಿ ತಿರುಗಿರುತ್ತದೆ. 3000 ಸುತ್ತಿನ ವೇಗದಲ್ಲಾದರೋ 18 ಡಿಗ್ರಿ ದಾಟಿರುತ್ತದೆ. ಉರಿಯ ಒತ್ತಡ ಪರಾಕಾಷ್ಠೆಗೆ ಬರಬೇಕಾದುದು ಪಿಸ್ಟನ್ ತನ್ನ ಏರಿಕೆಯ ತುತ್ತತುದಿಯನ್ನು ಮುಟ್ಟಿ ಸುಮಾರು 15 ಡಿಗ್ರಿ ಕೆಳಗಿಳಿದಾಗ. ಅದಕ್ಕೆ ತೀರ ಮುಂಚೆ ಬಂದರೆ ಸಿಲಿಂಡರಿನೊಳಗಿನ ಒತ್ತಡವೂ ಬಿಸಿಯೂ ಮಿತಿಮೀರಿ 'ನಾಕಿಂಗ್' ಎಂಬ ಲೋಹನಾದ ಕೇಳುತ್ತದೆ. ತಡವಾಗಿ ಬಂದರೆ ಬಲವೆಲ್ಲ ಸೈಲೆನ್ಸರಿನ ದಾರಿ ಹಿಡಿದು ವ್ಯರ್ಥವಾಗುತ್ತದೆ. ಆದುದರಿಂದ ಕಿಡಿಯನ್ನು ಪಿಸ್ಟನ್ ತುದಿ ಮುಟ್ಟುವ ಮೊದಲೇ ಕೊಡಬೇಕು. ಎಷ್ಟು ಮೊದಲು ಎಂಬುದು ಮಾತ್ರ ಕ್ಷಣಕ್ಷಣಕ್ಕೂ ಬದಲಾಗುವ ಪ್ರಶ್ನೆ.

ಮೋಟಾರಿನ ಬಾಲ್ಯದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ಚಾಲಕನ ಕೈಗೆ ಬಿದ್ದಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಸ್ಟಿಯರಿಂಗಿನ ಕೆಳಗೆ ಎರಡು ಹಿಡಿಕೆಗಳಿದ್ದು, ಬಲಗಡೆಯದು ಥ್ರಾಟಲನ್ನೂ ಎಡಗಡೆಯದು ಕಿಡಿಯ ಕಾಲವನ್ನೂ ಹತೋಟಿಯಲ್ಲಿಡುತ್ತಿದ್ದವು. ಹ್ಯಾಂಡಲ್ ಹಾಕಿ ಎಂಜಿನ್ನು ತಿರುಗಿಸುವ ಮುನ್ನ ಕಿಡಿಯನ್ನು ಹಿಂದಕ್ಕೆ ತಂದಿಡಬೇಕು, ಮರೆತರೆ ಹ್ಯಾಂಡಲ್ಲು ತಿರುಗಿಬಡಿದು ಮಣಿಕಟ್ಟು ಮುರಿಯುವ ಭಯ. ರಸ್ತೆ ಹಿಡಿದ ಮೇಲೆ ಮುಂದಕ್ಕೆ ತಳ್ಳಬೇಕು. ದಿಬ್ಬ ಬಂದು ಎಂಜಿನ್ನು ಮುಕ್ಕರಿದರೆ ಮತ್ತೆ ಹಿಂದಕ್ಕೆಳೆಯಬೇಕು. ಎಂಜಿನ್ನಿನ ಸ್ವರವನ್ನು ಕಿವಿಯಿಂದ ಗ್ರಹಿಸಿ ಎಡಗೈಯಿಂದ ಉತ್ತರಿಸುತ್ತಿದ್ದ ಆ ಕಾಲದ ಚಾಲಕನು ಎರಡು ಬೇರೆ ಬೇರೆ ಸಂಗತಿಗಳನ್ನು ಏಕಕಾಲದಲ್ಲಿ ಅಳೆಯುತ್ತಿದ್ದನು: ಒಂದು ಎಂಜಿನ್ನಿನ ವೇಗ, ಇನ್ನೊಂದು ಅದರ ಮೇಲಿನ ಭಾರ. ಅವನ ಹಿಡಿಕೆಯನ್ನು ಯಂತ್ರಕ್ಕೆ ಒಪ್ಪಿಸುವ ಕಾಲ ಬಂದಾಗ ಈ ಎರಡಕ್ಕೂ ಎರಡು ಪ್ರತ್ಯೇಕ ಸಾಧನಗಳು ಬೇಕಾದವು.

ವೇಗವನ್ನು ಅಳೆಯುವ ಸಾಧನ ಡಿಸ್ಟ್ರಿಬ್ಯೂಟರಿನ ತಳದಲ್ಲಿ, ಪಾಯಿಂಟು ಕುಳಿತಿರುವ ತಟ್ಟೆಯ ಅಡಿಯಲ್ಲಿ ಅಡಗಿದೆ. ಎರಡು ಸಣ್ಣ ತೂಕಗಳು, ಅವನ್ನು ಹಿಡಿದೆಳೆಯುವ ಎರಡು ಸ್ಪ್ರಿಂಗುಗಳು. ದಂಡ ವೇಗವಾಗಿ ತಿರುಗಿದಂತೆ ತೂಕಗಳು ಹೊರಕ್ಕೆ ಸರಿದು ಕ್ಯಾಮನ್ನು ಅದು ತಿರುಗುವ ದಿಕ್ಕಿನಲ್ಲಿಯೇ ಇನ್ನಷ್ಟು ಮುಂದೂಡುತ್ತವೆ, ಪಾಯಿಂಟು ಬೇಗ ತೆರೆಯುತ್ತದೆ, ಕಿಡಿ ಬೇಗ ಬೀಳುತ್ತದೆ. ಇದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಎಣ್ಣೆಯ ಎರಡು ಹನಿ ಕಾಣದೆ ತುಕ್ಕು ಹಿಡಿದು ಕಚ್ಚಿಕೊಂಡಿರದಿದ್ದರೆ ಅದು ತನ್ನ ಕೆಲಸ ತಾನು ಮಾಡುತ್ತದೆ.

ಭಾರದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಸಮತಟ್ಟಾದ ರಸ್ತೆಯಲ್ಲಿ ಕಾಲನ್ನು ಆಕ್ಸಿಲರೇಟರಿನ ಮೇಲೆ ಹಗುರವಾಗಿ ಊರಿ ಹೋಗುತ್ತಿರುವಾಗ ಥ್ರಾಟಲ್ ತಟ್ಟೆ ಸ್ವಲ್ಪವೇ ತೆರೆದಿರುತ್ತದೆ; ಸಿಲಿಂಡರಿಗೆ ಮಿಶ್ರಣ ಅಲ್ಪವಾಗಿ ಬರುತ್ತದೆ, ಬಂದದ್ದೂ ವಿರಳವಾಗಿ ಹರಡಿಕೊಂಡಿರುತ್ತದೆ, ಜೊತೆಗೆ ಹಿಂದಿನ ಸರದಿಯ ಸುಟ್ಟ ಹೊಗೆಯ ಶೇಷ ಅದರೊಡನೆ ಬೆರೆತು ಉರಿಯನ್ನು ಇನ್ನೂ ಮಂದಗೊಳಿಸುತ್ತದೆ. ಸೌದೆ ಹಸಿಯಾಗಿದೆಯೆಂದು ತಿಳಿದ ಗೃಹಿಣಿ ಊಟದ ಹೊತ್ತಿಗೆ ಅನ್ನವಾಗಬೇಕಾದರೆ ಒಲೆಯನ್ನು ಎಂದಿಗಿಂತ ಮುಂಚೆ ಹೊತ್ತಿಸುವಂತೆ, ಇಂಥ ಮಂದಗತಿಯ ಮಿಶ್ರಣಕ್ಕೆ ಕಿಡಿಯನ್ನು ಎಷ್ಟೋ ಮುಂಚಿತವಾಗಿ ಕೊಡಬೇಕಾಗುತ್ತದೆ. ಹಗುರ ಭಾರದಲ್ಲಿ ಓಡುವಾಗ ಮೂಲ ಟೈಮಿಂಗು, ತೂಕಗಳ ಕೊಡುಗೆ, ಈ ಹೆಚ್ಚಿನ ಮುನ್ನಡೆ ಎಲ್ಲವೂ ಕೂಡಿ 40 ಡಿಗ್ರಿಯ ಆಸುಪಾಸಿಗೆ ಹೋಗುವುದುಂಟು. ಅದೇ ಕಾರು ಅದೇ ವೇಗದಲ್ಲಿ ದಿಬ್ಬ ಹತ್ತುತ್ತ, ಥ್ರಾಟಲ್ಲು ಪೂರ್ತಿ ತೆರೆದು, ಸಿಲಿಂಡರು ದಟ್ಟವಾದ ಮಿಶ್ರಣದಿಂದ ತುಂಬಿಕೊಂಡಾಗ ಉರಿ ಶೀಘ್ರವಾಗುತ್ತದೆ. ಆಗಲೂ ಅಷ್ಟೇ ಮುಂಚಿತವಾಗಿ ಕಿಡಿ ಕೊಟ್ಟರೆ ಎಂಜಿನ್ನು ಬಡಿದುಕೊಳ್ಳತೊಡಗುತ್ತದೆ. ತಳದಲ್ಲಿರುವ ತೂಕಗಳಿಗೆ ಈ ವ್ಯತ್ಯಾಸ ತಿಳಿಯುವ ಬಗೆಯೇ ಇಲ್ಲ, ಏಕೆಂದರೆ ಸುತ್ತಿನ ಎಣಿಕೆ ಎರಡು ಸಂದರ್ಭದಲ್ಲಿಯೂ ಒಂದೇ.

ಆದರೆ ಥ್ರಾಟಲ್ ತಟ್ಟೆಯ ಕೆಳಗಣ ಮ್ಯಾನಿಫೋಲ್ಡಿಗೆ ಅದು ತಿಳಿದಿರುತ್ತದೆ. ತಟ್ಟೆ ಮುಚ್ಚಿಕೊಂಡಿರುವಾಗ ಪಿಸ್ಟನ್ನುಗಳು ಎಳೆಯುತ್ತಲೇ ಇದ್ದರೂ ಗಾಳಿ ಒಳಬರಲು ಎಡೆಯಿಲ್ಲದೆ ಅಲ್ಲಿ ಒಂದು ಬಗೆಯ ನಿರ್ವಾತ ಉಂಟಾಗುತ್ತದೆ. ತಟ್ಟೆ ತೆರೆದಂತೆಲ್ಲ ಅದು ಕರಗುತ್ತದೆ. ಪೂರ್ತಿ ತೆರೆದಾಗ ಬಹುತೇಕ ಇಲ್ಲವಾಗುತ್ತದೆ. ಇಟಲಿಯ ತೊರಿಚೆಲ್ಲಿ 1643ರಲ್ಲಿ ಗಾಜಿನ ಕೊಳವೆಯಲ್ಲಿ ಪಾದರಸವನ್ನು ನಿಲ್ಲಿಸಿ ವಾಯುವಿನ ಒತ್ತಡವನ್ನು ಕಣ್ಣಿಗೆ ಕಾಣಿಸಿದಂದಿನಿಂದ ಇಂಥದನ್ನು ಪಾದರಸದ ಅಂಗುಲಗಳಲ್ಲಿ ಹೇಳುವ ರೂಢಿ ಬಂದಿದೆ. ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡ ಸುಮಾರು 30 ಅಂಗುಲ. ಆರೋಗ್ಯವಾಗಿರುವ ಎಂಜಿನ್ನು ಐಡ್ಲಿಂಗಿನಲ್ಲಿರುವಾಗ ಅದರ ಮ್ಯಾನಿಫೋಲ್ಡಿನ ನಿರ್ವಾತ 18ರಿಂದ 21 ಅಂಗುಲ. ಭಾರದ ವಾರ್ತೆ ಹೀಗೆ ಎಂಜಿನ್ನಿನೊಳಗೆ ತಾನಾಗಿಯೇ ಸಿದ್ಧವಾಗಿರುವಾಗ ಅದನ್ನು ಡಿಸ್ಟ್ರಿಬ್ಯೂಟರಿಗೆ ಮುಟ್ಟಿಸುವುದಕ್ಕೆ ಒಂದು ನಳಿಕೆ ಸಾಕು.

ನಳಿಕೆಯ ಕೊನೆಯಲ್ಲಿರುವ ಚಪ್ಪಟೆ ಡಬ್ಬಿಯೊಳಗೆ ರಬ್ಬರು ಬಟ್ಟೆಯ ತೆಳುವಾದ ಡಯಾಫ್ರಾಮ್ ಒಂದು, ಅದರ ಬೆನ್ನಿಗೆ ಸ್ಪ್ರಿಂಗೊಂದು, ಹೊಟ್ಟೆಗೆ ಕಡ್ಡಿಯೊಂದು. ಕಡ್ಡಿಯ ತುದಿ ಪಾಯಿಂಟು ಕುಳಿತ ತಟ್ಟೆಗೆ ಸಿಕ್ಕಿಕೊಂಡಿದೆ. ನಿರ್ವಾತ ಹೆಚ್ಚಿದರೆ ಡಯಾಫ್ರಾಮ್ ಒಳಕ್ಕೆ ಹೀರಲ್ಪಟ್ಟು ತಟ್ಟೆಯನ್ನು ಕ್ಯಾಮ್ ತಿರುಗುವುದಕ್ಕೆ ವಿರುದ್ಧವಾದ ದಿಕ್ಕಿಗೆ ಎಳೆಯುತ್ತದೆ. ಅಂಬಾಸಡರಿನಲ್ಲಿ ರೋಟರು ಅಪ್ರದಕ್ಷಿಣವಾಗಿ ತಿರುಗುವುದರಿಂದ ತಟ್ಟೆ ಸರಿಯುವುದು ಪ್ರದಕ್ಷಿಣವಾಗಿ. ನಿರ್ವಾತ ಇಳಿದರೆ ಸ್ಪ್ರಿಂಗು ಎಲ್ಲವನ್ನೂ ಸ್ವಸ್ಥಾನಕ್ಕೆ ತಳ್ಳುತ್ತದೆ. ಲೂಕಾಸ್ ಡಬ್ಬಿಗಳ ಮೇಲೆ ಗ್ರೀಸನ್ನು ಒರಸಿ ನೋಡಿದರೆ ಮೂರು ಅಂಕಿಗಳು ಒತ್ತಿರುವುದು ಕಾಣಿಸುತ್ತದೆ: 5-13-10 ಎಂದಿದ್ದರೆ, 5 ಅಂಗುಲದ ನಿರ್ವಾತದಲ್ಲಿ ಚಲನೆ ಆರಂಭವಾಗಿ 13 ಅಂಗುಲದಲ್ಲಿ ಮುಗಿಯುತ್ತದೆ, ಒಟ್ಟು ಸರಿಯುವುದು 10 ಡಿಗ್ರಿ. ಇದು ಡಿಸ್ಟ್ರಿಬ್ಯೂಟರಿನ ಡಿಗ್ರಿ. ಅದು ಕ್ರ್ಯಾಂಕಿನ ಅರ್ಧವೇಗದಲ್ಲಿ ತಿರುಗುವುದರಿಂದ ಎಂಜಿನ್ನಿನ ಲೆಕ್ಕಕ್ಕೆ ಇದರ ಇಮ್ಮಡಿ, ಎಂದರೆ 20 ಡಿಗ್ರಿ. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಎರಡು ಡಬ್ಬಿಗಳು ಒಳಗೆ ಎರಡು ಬೇರೆ ಸ್ವಭಾವದವಾಗಿರಬಹುದೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಗುಜರಿಯಿಂದ ಡಿಸ್ಟ್ರಿಬ್ಯೂಟರನ್ನು ಕೊಳ್ಳುವವರು ಬೆಲೆ ಕೇಳುವ ಮುನ್ನ ಇವನ್ನು ಓದಿದರೆ ಒಳ್ಳೆಯದು.

ಡಯಾಫ್ರಾಮ್ ಬದುಕಿದೆಯೋ ಸತ್ತಿದೆಯೋ ಎಂಬುದನ್ನು ತಿಳಿಯುವುದಕ್ಕೆ ಉಪಕರಣ ಬೇಕಾಗಿಲ್ಲ. ಪಳಗಿದ ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೂ ರೋಟರನ್ನೂ ತೆಗೆದಿಟ್ಟು, ಪೈಪಿನ ಕಾರ್ಬುರೇಟರ್ ಕಡೆಯ ತುದಿಯನ್ನು ಕಳಚಿ, ಅಂಗಿಯ ಅಂಚಿಗೆ ಒರಸಿ ಬಾಯಿಗಿಟ್ಟು ಜೋರಾಗಿ ಚೀಪಿ, ನಾಲಿಗೆಯ ತುದಿಯಿಂದ ಆ ರಂಧ್ರವನ್ನು ಮುಚ್ಚಿ ಹಿಡಿಯುತ್ತಾನೆ. ಪಾಯಿಂಟಿನ ತಟ್ಟೆ ಸರಿದು, ಸರಿದಲ್ಲಿಯೇ ನಿಂತು, ಪೈಪು ನಾಲಿಗೆಗೆ ಕಚ್ಚಿಕೊಂಡೇ ಇದ್ದರೆ ಎಲ್ಲವೂ ಸರಿಯಾಗಿದೆ. ತಟ್ಟೆ ಸರಿದು ಮೆಲ್ಲನೆ ವಾಪಸು ಬಂದರೆ ಎಲ್ಲಿಯೋ ಸೋರಿಕೆ. ಸರಿಯದೇ ಇದ್ದು ಪೈಪು ಮಾತ್ರ ಕಚ್ಚಿಕೊಂಡರೆ ತಟ್ಟೆ ಜಡ್ಡುಗಟ್ಟಿದೆ. ಎಷ್ಟು ಚೀಪಿದರೂ ಗಾಳಿ ಬರುತ್ತಲೇ ಇದ್ದರೆ ಡಯಾಫ್ರಾಮ್ ಹರಿದಿದೆ. ಬಾಯಿಗೆ ಪೆಟ್ರೋಲಿನ ಕಹಿ ತಗಲುವುದಂತೂ ಉಂಟೇ ಉಂಟು. ಅದಕ್ಕೆ ಹೆದರುವವರು ಕೈಪಂಪನ್ನು ಕೊಂಡುಕೊಳ್ಳಬಹುದು, ಕೊಳ್ಳುವುದೇ ಲೇಸು. ಈ ಪರೀಕ್ಷೆ ಮಾಡುವಾಗ ಇನ್ನೊಂದು ಕಡೆ ಕಣ್ಣಿಡತಕ್ಕದ್ದು. ತಟ್ಟೆಯಿಂದ ಡಿಸ್ಟ್ರಿಬ್ಯೂಟರಿನ ಮೈಗೆ ಹೆಣೆದ ತಂತಿಯ ಒಂದು ಗಿಡ್ಡ ತುಂಡು ಅರ್ತಿಂಗಿಗಾಗಿ ಹೋಗಿರುತ್ತದೆ. ತಟ್ಟೆಯ ಪ್ರತಿಯೊಂದು ಸರಿದಾಟಕ್ಕೂ ಅದು ಬಾಗಿ ಬಾಗಿ, ವರ್ಷಗಳ ಬಳಿಕ ಹೊರಗಿನ ಹೊದಿಕೆ ನೆಟ್ಟಗಿದ್ದರೂ ಒಳಗೆ ಎಳೆಗಳೆಲ್ಲ ತುಂಡಾಗಿ ಕುಳಿತಿರುತ್ತವೆ. ಅಂಥ ಗಾಡಿ ನಿಂತಲ್ಲಿ ಸೊಗಸಾಗಿ ನಡೆಯುತ್ತದೆ, ರಸ್ತೆಯಲ್ಲಿ ಕಾಲು ಸಡಿಲಿಸಿದಾಗ ಮಾತ್ರ ಮಿಸ್ಸಿಂಗ್ ಹೊಡೆಯುತ್ತದೆ. ಮಾಲೀಕನು ಕಾರ್ಬುರೇಟರನ್ನು ಬಿಚ್ಚಿಸಿ, ಪ್ಲಗ್ಗುಗಳನ್ನು ಬದಲಿಸಿ, ಕಡೆಗೆ ಪೆಟ್ರೋಲ್ ಬಂಕಿನವನನ್ನು ಶಪಿಸುತ್ತಾನೆ. ಎರಡಂಗುಲದ ತಂತಿ ಹಾಕಿದರೆ ಎಲ್ಲವೂ ಶಾಂತ.

ಇನ್ನು ವಿವಾದದ ವಿಷಯ. ನಳಿಕೆಯ ಇನ್ನೊಂದು ತುದಿಯನ್ನು ಎಲ್ಲಿಗೆ ಸೇರಿಸಬೇಕು? ಮ್ಯಾನಿಫೋಲ್ಡಿನಲ್ಲಿ ರಂಧ್ರ ಕೊರೆದು ಅಲ್ಲಿಗೆ ಸೇರಿಸಿದರೆ ಡಿಸ್ಟ್ರಿಬ್ಯೂಟರಿಗೆ ಐಡ್ಲಿಂಗಿನಲ್ಲಿಯೂ ಪೂರ್ತಿ ನಿರ್ವಾತ ದೊರೆಯುತ್ತದೆ. ಕಾರ್ಬುರೇಟರಿನಲ್ಲಿ, ಮುಚ್ಚಿದ ಥ್ರಾಟಲ್ ತಟ್ಟೆಯ ಅಂಚಿಗಿಂತ ಕೂದಲೆಳೆಯಷ್ಟು ಆಚೆಗೆ, ಗಾಳಿ ಬರುವ ಕಡೆಯಲ್ಲಿ ಕೊರೆದ ಕಿರುರಂಧ್ರಕ್ಕೆ ಸೇರಿಸಿದರೆ, ತಟ್ಟೆ ಮುಚ್ಚಿರುವ ತನಕ ಅಲ್ಲಿ ನಿರ್ವಾತವೇ ಇಲ್ಲ. ಕಾಲು ತುಸು ಊರಿದೊಡನೆ ತಟ್ಟೆಯ ಅಂಚು ಆ ರಂಧ್ರವನ್ನು ದಾಟಿ, ರಂಧ್ರವು ಮ್ಯಾನಿಫೋಲ್ಡಿನ ಪಾಲಿಗೆ ಬಂದು, ನಿರ್ವಾತ ತಟಕ್ಕನೆ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಎರಡು ಸ್ಥಾನಗಳಿಗೂ ಹೇಳಿಕೊಳ್ಳುವಂಥ ಭೇದವಿಲ್ಲ. ಪೂರ್ತಿ ತೆರೆದಾಗ ಎರಡೂ ಬರಿದು. ಹಾಗೆಂದ ಮೇಲೆ ವಿವಾದವೆಲ್ಲ ಮುಖ್ಯವಾಗಿ ಐಡ್ಲಿಂಗಿಗೆ ಸಂಬಂಧಿಸಿದ್ದು ಎಂಬುದನ್ನು ವಾದಿಗಳು ಮರೆತು, ಇಡೀ ಎಂಜಿನ್ನಿನ ಭವಿಷ್ಯವೇ ಅದರ ಮೇಲೆ ನಿಂತಿದೆಯೆಂಬಂತೆ ಕಾದಾಡುತ್ತಾರೆ.

ಮ್ಯಾನಿಫೋಲ್ಡಿನ ಪಕ್ಷದವರ ಒಂದು ಪ್ರಸಿದ್ಧ ವಾದವಿದೆ: ಥ್ರಾಟಲಿನ ಮೇಲಣ ರಂಧ್ರವು ಅಮೆರಿಕದ ಹೊಗೆಯ ಕಾನೂನುಗಳ ಸಂತಾನ, ಅದಕ್ಕೆ ಮುಂಚೆ ಬಲ್ಲವರೆಲ್ಲ ಮ್ಯಾನಿಫೋಲ್ಡಿಗೇ ಸೇರಿಸುತ್ತಿದ್ದರು, ಎಂದು. ಇದನ್ನು ಒಪ್ಪುವಂತಿಲ್ಲ. ಕ್ಯಾಲಿಫೋರ್ನಿಯದಲ್ಲಿ ಹೊಗೆಯ ನಿಯಂತ್ರಣ ಕಾರುಗಳಿಗೆ ಬಂದದ್ದು 1966ರ ಮಾದರಿಗಳಿಂದ, ಆ ದೇಶಕ್ಕೆಲ್ಲ 1968ರಿಂದ. ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಸರಣಿ ಹೊರಬಂದದ್ದಾದರೋ 1956ರಲ್ಲಿ, ಅದರ ವ್ಯಾಕ್ಯೂಮ್ ಪೈಪು ಹೊರಡುತ್ತಿದ್ದುದು ಕಾರ್ಬುರೇಟರಿನಿಂದಲೇ. ಐಡ್ಲಿಂಗ್ ಸ್ಥಿರವಾಗಿರಬೇಕು, ಟೈಮಿಂಗು ಅಳೆಯುವಾಗ ನಿರ್ವಾತದ ಏರಿಳಿತ ಅಡ್ಡಬರಬಾರದು ಎಂಬ ಸರಳವಾದ ಕಾರಣ ಸಾಕಾಗಿತ್ತು. ಇದಿರು ಪಕ್ಷದವರು ಮ್ಯಾನಿಫೋಲ್ಡಿಗೆ ಸೇರಿಸಿದರೆ ಎಂಜಿನ್ನೇ ಕೆಡುತ್ತದೆಂದು ಹೆದರಿಸುವುದೂ ಅಷ್ಟೇ ನಿರಾಧಾರ, ಎಂ.ಜಿ.ಬಿ.ಯ ತಯಾರಕರೇ ಮುಂದೆ ತಮ್ಮ ಕೆಲವು ಮಾದರಿಗಳಲ್ಲಿ ಅದನ್ನು ಮ್ಯಾನಿಫೋಲ್ಡಿಗೆ ಬದಲಾಯಿಸಿದರು. ನನ್ನ ಅಭಿಪ್ರಾಯದಲ್ಲಿ ಯಾವ ಸ್ಥಾನ ಶ್ರೇಷ್ಠವೆಂಬ ಪ್ರಶ್ನೆಯೇ ಅಸಮಂಜಸ. ಡಬ್ಬಿಯ ಮೇಲಿನ ಮೂರು ಅಂಕಿಗಳು, ತಳದ ಸ್ಪ್ರಿಂಗುಗಳ ಬಿಗಿ, ಪುಸ್ತಕದಲ್ಲಿ ಹೇಳಿರುವ ಮೂಲ ಟೈಮಿಂಗು, ಪೈಪಿನ ಸ್ಥಾನ, ಈ ನಾಲ್ಕನ್ನೂ ತಯಾರಕನು ಒಂದಕ್ಕೊಂದು ಹೊಂದುವಂತೆ ಗೊತ್ತುಮಾಡಿರುತ್ತಾನೆ. ಅವುಗಳಲ್ಲಿ ಒಂದನ್ನು ಬದಲಾಯಿಸಿದವನು ಉಳಿದ ಮೂರನ್ನೂ ಮತ್ತೆ ತೂಗಿ ನೋಡುವ ಹೊಣೆಯನ್ನು ಹೊರಬೇಕು. ಅಂಬಾಸಡರಿಗೆ ಕಾರ್ಬುರೇಟರಿನ ಸ್ಥಾನವೇ ತಕ್ಕುದು. ಓಟದ ಸ್ಪರ್ಧೆಗೆಂದು ಕ್ಯಾಮನ್ನು ಬದಲಿಸಿದ ಎಂಜಿನ್ನಿನಲ್ಲಿ ಐಡ್ಲಿಂಗಿನ ನಿರ್ವಾತ ದುರ್ಬಲವಾಗಿ ತೊನೆದಾಡುವುದರಿಂದ, ಅಲ್ಲಿ ಮ್ಯಾನಿಫೋಲ್ಡಿಗೆ ಸೇರಿಸಿದರೆ ಡಯಾಫ್ರಾಮೂ ಜೊತೆಗೆ ತೊನೆದಾಡಿ ಎಂಜಿನ್ನು ಏದುಸಿರು ಬಿಡುತ್ತದೆ.

ಹೊಗೆಯ ಕಾನೂನು ಆ ರಂಧ್ರವನ್ನು ಸೃಷ್ಟಿಸಲಿಲ್ಲವಾದರೂ ಅದನ್ನು ಬಳಸಿಕೊಂಡ ಪರಿ ವಿಚಿತ್ರವಾದುದು. ಐಡ್ಲಿಂಗಿನಲ್ಲಿ ಕಿಡಿಯನ್ನು ತಡಮಾಡಿದರೆ ಉರಿ ಹೊರಗಿನ ಮ್ಯಾನಿಫೋಲ್ಡಿನ ತನಕ ಮುಂದುವರಿದು ಅರೆಸುಟ್ಟ ಹೈಡ್ರೋಕಾರ್ಬನ್ನುಗಳು ಅಲ್ಲಿಯೇ ಸುಟ್ಟುಹೋಗುತ್ತವೆ. ಹೊಗೆ ಶುದ್ಧವಾಗುತ್ತದೆ, ಎಂಜಿನ್ನು ಮಾತ್ರ ಕಾಯುತ್ತದೆ. ಆದುದರಿಂದ ಫೋರ್ಡ್ ಮುಂತಾದವರು ಡಿಸ್ಟ್ರಿಬ್ಯೂಟರಿಗೆ ಎರಡು ಡಯಾಫ್ರಾಮುಗಳನ್ನಿಟ್ಟರು: ಕಾರ್ಬುರೇಟರಿನಿಂದ ಬಂದ ಪೈಪು ಕಿಡಿಯನ್ನು ಮುಂದೂಡುವುದಕ್ಕೆ, ಮ್ಯಾನಿಫೋಲ್ಡಿನಿಂದ ಬಂದ ಪೈಪು ಹಿಂದೂಡುವುದಕ್ಕೆ. ಜರ್ಮನಿಯ ಫೋಕ್ಸ್‌ವ್ಯಾಗನ್ನಿನವರೂ ಕೆಲವು ಮಾದರಿಗಳಲ್ಲಿ ಇದೇ ದಾರಿ ಹಿಡಿದರು. ಟ್ರಾಫಿಕ್ಕಿನಲ್ಲಿ ನಿಂತು ನಿಂತು ನೀರು ಕುದಿಯುವ ಹಂತಕ್ಕೆ ಬಂದರೆ, ಉಷ್ಣಕ್ಕೆ ಸ್ಪಂದಿಸುವ ಮೂರು ಬಾಯಿಯ ವಾಲ್ವೊಂದು ಪೈಪುಗಳ ದಾರಿ ಬದಲಿಸಿ, ಮುನ್ನಡೆಯ ಡಯಾಫ್ರಾಮಿಗೆ ಮ್ಯಾನಿಫೋಲ್ಡಿನ ಪೂರ್ಣ ನಿರ್ವಾತವನ್ನು ಕೊಟ್ಟು, ಐಡ್ಲಿಂಗನ್ನೇರಿಸಿ, ಫ್ಯಾನನ್ನೂ ಪಂಪನ್ನೂ ಚುರುಕುಗೊಳಿಸುವುದು. ಜನರಲ್ ಮೋಟಾರ್ಸಿನವರ ಕೆಲವು ಕಾರುಗಳಲ್ಲಿ ಗೇರು ಮೇಲಿನದಕ್ಕೆ ಬಂದ ಹೊರತು ಡಿಸ್ಟ್ರಿಬ್ಯೂಟರಿಗೆ ನಿರ್ವಾತವನ್ನೇ ಬಿಡದ ಸ್ವಿಚ್ಚೂ ಇತ್ತು. ಎಪ್ಪತ್ತರ ದಶಕದ ಅಮೆರಿಕದ ಕಾರುಗಳ ಬಾನೆಟ್ಟಿನಡಿಯ ಕಾಡಿನಲ್ಲಿ ಪೈಪುಗಳಿಗೆ ಬಣ್ಣಬಣ್ಣದ ಗೆರೆ ಎಳೆದು, ನಕ್ಷೆಯೊಂದನ್ನು ಅಂಟಿಸಬೇಕಾದದ್ದು ಇದರಿಂದಲೇ. ಅಂಥ ಎರಡು ಡಯಾಫ್ರಾಮಿನ ಡಬ್ಬಿಯಲ್ಲಿ ಪೈಪುಗಳು ಅದಲುಬದಲಾದರೆ, ಕಿಡಿ ಮುಂದೆ ಹೋಗಬೇಕಾದಾಗ ಹಿಂದೆ ಬರುತ್ತದೆ. ದೋಷ ಕಣ್ಣಿಗೆ ಕಾಣದು, ಕಾರು ಮಾತ್ರ ಎಳೆಯಲಾರದು. ಅಮೆರಿಕದಿಂದ ಬಂದ ಹಳೆಯ ಮಸ್ಟಾಂಗಿನಂಥ ಕಾರನ್ನು ಇಲ್ಲಿ ರಿಪೇರಿ ಮಾಡುವವರು ಮೊದಲು ಡಬ್ಬಿಗೆ ಒಂದು ಮೂತಿಯೋ ಎರಡೋ ಎಂಬುದನ್ನು ನೋಡಿಕೊಳ್ಳಬೇಕು.

ನಮ್ಮ ಅಂಬಾಸಡರಿನ ಸಂಗತಿ ಅಷ್ಟು ಜಟಿಲವಲ್ಲ. ಒಂದು ಮೂತಿ, ಒಂದು ಪೈಪು. ಆದರೂ ಜೋಡಿಸುವ ಕೆಲಸದಲ್ಲಿ ಒಂದು ಕ್ರಮವಿದೆ. ಹಳೆಯ ಲೋಹದ ಪೈಪು ಉಳಿದಿದ್ದರೆ ಅದನ್ನೇ ಉಳಿಸಿಕೊಳ್ಳುವುದು ಉತ್ತಮ. ಒಳಗೆ ಊದಿ ನೋಡಿ, ಕಟ್ಟಿದ್ದರೆ ತೆಳುತಂತಿ ಹಾಯಿಸಿ ಶುದ್ಧಮಾಡಿ, ಎರಡು ತುದಿಯ ರಬ್ಬರ್ ತುಂಡುಗಳನ್ನು ಮಾತ್ರ ಹೊಸದಾಗಿಸಿದರೆ ಸಾಕು. ಸೋರುವುದು ಬಹುಪಾಲು ಈ ರಬ್ಬರುಗಳಲ್ಲಿಯೇ: ಬೆರಳಲ್ಲಿ ಬಾಗಿಸಿದಾಗ ಬಿರುಕುಗಳು ಬಾಯಿಬಿಟ್ಟರೆ ಮುಲಾಜಿಲ್ಲದೆ ಎಸೆಯಬೇಕು. ಮೀನಿನ ತೊಟ್ಟಿಗೆ ಗಾಳಿ ಬಿಡುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಸಿಕ್ಕಿಸುವವರುಂಟು. ಅದು ಬಿಸಿಗೆ ಮೆತ್ತಗಾಗಿ, ಒಳಗಿನ ಎಳೆತಕ್ಕೆ ಚಪ್ಪಟೆಯಾಗಿ, ಕಣ್ಣಿಗೆ ನೆಟ್ಟಗಿದ್ದೂ ಕೆಲಸಕ್ಕೆ ಮುಚ್ಚಿಹೋಗುತ್ತದೆ. ದಪ್ಪ ಗೋಡೆಯ, ಪೆಟ್ರೋಲಿನ ಆವಿಗೆ ಕರಗದ ರಬ್ಬರೇ ಬೇಕು. ಪೈಪು ಸೈಲೆನ್ಸರಿಗೆ ಹೋಗುವ ಬಿಸಿ ಮ್ಯಾನಿಫೋಲ್ಡನ್ನು ಮುಟ್ಟಬಾರದು, ಪ್ಲಗ್ಗಿನ ವೈರುಗಳೊಡನೆ ತೊಡರಬಾರದು, ಎಲ್ಲಿಯೂ ಜೋಲಿ ಬಿದ್ದು ಪೆಟ್ರೋಲು ನಿಲ್ಲುವ ಗುಂಡಿಯಾಗಬಾರದು. ಕೆಲವು ಇಂಗ್ಲಿಷ್ ಕಾರುಗಳಲ್ಲಿ ಪೈಪಿನ ನಡುವೆ ಒಂದು ಪುಟ್ಟ ಉರುಟು ಡಬ್ಬಿ ಇರುತ್ತದೆ. ಪೆಟ್ರೋಲು ಡಯಾಫ್ರಾಮಿನ ತನಕ ಹೋಗದಂತೆ ತಡೆಯುವುದೇ ಅದರ ಪ್ರಯೋಜನ, ಅಲಂಕಾರವೆಂದು ತಿಳಿದು ಕಿತ್ತುಹಾಕಬಾರದು.

ಟೈಮಿಂಗು ಇಡುವಾಗ ಪೈಪನ್ನು ಡಿಸ್ಟ್ರಿಬ್ಯೂಟರಿನಿಂದ ಕಳಚಿ, ಅದರ ಬಾಯಿಗೆ ಬಿರಡೆ ಹಾಕಿ, ಐಡ್ಲಿಂಗ್ ನೆಲೆಗೊಂಡ ಮೇಲೆ ಕ್ರ್ಯಾಂಕ್ ಪುಲ್ಲಿಯ ಗುರುತಿಗೆ ಸ್ಟ್ರೋಬ್ ದೀಪ ಹಿಡಿಯುವುದು ಪದ್ಧತಿ. ಆ ಬಳಿಕ ಪೈಪನ್ನು ಸೇರಿಸಿದಾಗ ಕಾರ್ಬುರೇಟರಿನ ಸ್ಥಾನವಾಗಿದ್ದರೆ ಐಡ್ಲಿಂಗಿನಲ್ಲಿ ಏನೂ ಬದಲಾಗಕೂಡದು. ಬದಲಾದರೆ, ಎಂಜಿನ್ನು ಒಮ್ಮೆಗೇ ಚುರುಕಾದರೆ, ಎರಡರಲ್ಲೊಂದು: ಪೈಪು ತಪ್ಪು ಮೂತಿಗೆ ಸೇರಿದೆ, ಇಲ್ಲವೆ ಥ್ರಾಟಲ್ ತಟ್ಟೆಯನ್ನು ತಡೆಯುವ ಸ್ಕ್ರೂವನ್ನು ಯಾರೋ ಅತಿಯಾಗಿ ತಿರುಗಿಸಿ, ತಟ್ಟೆಯ ಅಂಚು ಐಡ್ಲಿಂಗಿನಲ್ಲೇ ರಂಧ್ರವನ್ನು ದಾಟಿ ನಿಂತಿದೆ. ಈ ಎರಡನೆಯ ದೋಷ ನಮ್ಮಲ್ಲಿ ಬಹಳ. ಮಿಕ್ಸ್ಚರು ಸರಿಯಿಲ್ಲದ ಗಾಡಿಯ ಐಡ್ಲಿಂಗನ್ನು ಸ್ಕ್ರೂವಿನಿಂದಲೇ ಎತ್ತಿ ಮರ್ಯಾದೆ ಉಳಿಸಿಕೊಳ್ಳುವ ಉಪಾಯದ ಫಲವದು. ಹಿಂದಿನ ಲೂಕಾಸ್ ಡಿಸ್ಟ್ರಿಬ್ಯೂಟರುಗಳಲ್ಲಿ ವ್ಯಾಕ್ಯೂಮ್ ಡಬ್ಬಿಯ ಬುಡದಲ್ಲಿ ಗೀರುಗಳಿರುವ ಸಣ್ಣ ನಟ್ಟೊಂದಿದ್ದು, ಅದರ ಪಕ್ಕದಲ್ಲಿ ಮುನ್ನಡೆಗೂ ಹಿನ್ನಡೆಗೂ ಎರಡು ಬಾಣದ ಗುರುತುಗಳಿರುತ್ತವೆ. ಪೆಟ್ರೋಲಿನ ಗುಣ ಊರಿಂದೂರಿಗೆ ಬದಲಾಗುತ್ತಿದ್ದ ದಿನಗಳಲ್ಲಿ ಬೆರಳಿನಿಂದಲೇ ಕಿಡಿಯನ್ನು ಕೂದಲೆಳೆಯಷ್ಟು ಹಿಂದುಮುಂದು ಮಾಡುವ ಈ ಸೌಕರ್ಯವನ್ನು ಮಾಡಿಕೊಟ್ಟವರ ವಿವೇಕವನ್ನು ಮೆಚ್ಚತಕ್ಕದ್ದೇ.

ಊರಿಂದೂರಿಗೆ ಬದಲಾಗುವುದು ಪೆಟ್ರೋಲು ಮಾತ್ರವಲ್ಲ, ಗಾಳಿಯೂ ಬದಲಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಪ್ರತಿ 1000 ಅಡಿಗೆ ಪಾದರಸ ಒಂದಂಗುಲದಂತೆ ಇಳಿಯುವುದರಿಂದ, ಮಂಗಳೂರಿನಲ್ಲಿ 19 ಅಂಗುಲ ತೋರಿಸುವ ಎಂಜಿನ್ನು ಇಲ್ಲಿ 16 ತೋರಿಸಿದರೆ ಅದು ರೋಗವಲ್ಲ. ವ್ಯಾಕ್ಯೂಮ್ ಗೇಜು ಹಿಡಿದು ಇಂಗ್ಲಿಷ್ ಪುಸ್ತಕದ ಅಂಕಿಗಳೊಡನೆ ಹೋಲಿಸಿ ವಾಲ್ವುಗಳನ್ನು ಬಿಚ್ಚಿಸಹೊರಡುವವರು ಇದನ್ನು ನೆನಪಿಡಬೇಕು. ಡಬ್ಬಿಗೆ ಗೊತ್ತಾಗುವುದು ಹೊರಗಿನ ಮತ್ತು ಒಳಗಿನ ಒತ್ತಡಗಳ ವ್ಯತ್ಯಾಸವೊಂದೇ ಆದುದರಿಂದ ಎತ್ತರದ ಊರಿನಲ್ಲಿ ಅದು ಕೊಡುವ ಮುನ್ನಡೆ ಸ್ವಲ್ಪ ಕಡಿಮೆ. ಎತ್ತರದ ವಿರಳವಾದ ಗಾಳಿಗೆ ಬೇಕಾದುದಾದರೋ ಸ್ವಲ್ಪ ಹೆಚ್ಚು. ಇದನ್ನು ಅನುಭವದಿಂದ ಬಲ್ಲ ಬೆಂಗಳೂರಿನ ಮೆಕ್ಯಾನಿಕರು ಮೂಲ ಟೈಮಿಂಗನ್ನೇ ಒಂದೆರಡು ಡಿಗ್ರಿ ಮುಂದಿಟ್ಟರೆ ಕಾರು ಇಲ್ಲಿ ಹುರುಪಿನಿಂದ ಓಡುತ್ತದೆ. ಅದೇ ಕಾರು ಶಿರಾಡಿ ಘಾಟಿಯನ್ನಿಳಿದು ಕರಾವಳಿಯ ದಟ್ಟವಾದ ಗಾಳಿಯಲ್ಲಿ ನಾಲ್ವರನ್ನು ಹೊತ್ತು ದಿಬ್ಬ ಹತ್ತುವಾಗ ಕಟಕಟ ಸದ್ದು ಮಾಡಿದರೆ ಬಂಟ್ವಾಳದ ಪೆಟ್ರೋಲನ್ನು ದೂರುವುದು ನ್ಯಾಯವಲ್ಲ. ಘಾಟಿಯ ಇಳಿಜಾರಿನಲ್ಲಿ ಮತ್ತೊಂದು ಸ್ವಾರಸ್ಯವುಂಟು. ಕಾಲು ಪೂರ್ತಿ ತೆಗೆದು ಗೇರಿನಲ್ಲಿ ಇಳಿಯುವಾಗ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಅತ್ಯಂತ ಪ್ರಬಲವಾಗಿರುತ್ತದೆ, ಕಾರ್ಬುರೇಟರಿನ ರಂಧ್ರದಲ್ಲಿ ಮಾತ್ರ ಇರುವುದೇ ಇಲ್ಲ. ತಿರುವು ಮುಗಿದು ಕಾಲು ಮತ್ತೆ ತಗಲಿದ ಕ್ಷಣದಲ್ಲಿ ಡಯಾಫ್ರಾಮ್ ಎಚ್ಚರಗೊಳ್ಳುತ್ತದೆ. ಕಿವಿ ಸೂಕ್ಷ್ಮವಾಗಿರುವವರಿಗೆ ಎಂಜಿನ್ನಿನ ಸ್ವರ ಅಲ್ಲಿ ತುಸು ಬಿಗಿಯಾಗುವುದು ಕೇಳಿಸುತ್ತದೆ.

ಪಾಯಿಂಟು ಕಂಡೆನ್ಸರುಗಳ ಕಾಟ ಬೇಡವೆಂದು ಅದೇ ಡಿಸ್ಟ್ರಿಬ್ಯೂಟರಿನೊಳಗೆ ಎಲೆಕ್ಟ್ರಾನಿಕ್ ಮಾಡ್ಯೂಲನ್ನು ಕೂರಿಸುವುದು ಈಗ ಬಳಕೆಗೆ ಬಂದಿದೆ, ಒಳ್ಳೆಯದೇ. ಆದರೆ ಎಲೆಕ್ಟ್ರಾನಿಕ್ ಆಯಿತು, ಇನ್ನು ಪೈಪೇಕೆ ಎಂಬ ತರ್ಕ ಮಾತ್ರ ನಿಲ್ಲುವುದಿಲ್ಲ. ಆ ಮಾಡ್ಯೂಲು ಪಾಯಿಂಟಿನ ಕೆಲಸವನ್ನಷ್ಟೇ ವಹಿಸಿಕೊಂಡಿದೆ. ಅದೂ ಅದೇ ತಟ್ಟೆಯ ಮೇಲೆಯೇ ಕುಳಿತಿದೆ, ಭಾರದ ವಾರ್ತೆ ಅದಕ್ಕೂ ಡಯಾಫ್ರಾಮಿನ ಮೂಲಕವೇ ಬರಬೇಕು. ಇಂಜೆಕ್ಷನ್ ಬಂದ ಮೇಲಿನ ಎಷ್ಟೋ ಕಾರುಗಳಲ್ಲಿ ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆಯುವ ಸೆನ್ಸರೊಂದು ಕಂಪ್ಯೂಟರಿಗೆ ಇದೇ ವರದಿಯನ್ನು ಒಪ್ಪಿಸುತ್ತಿರುವುದನ್ನು ನೋಡಿದರೆ, ಆ ವಾರ್ತೆಯ ಅಗತ್ಯ ಇನ್ನೂ ತೀರಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಹರಿದ ಡಯಾಫ್ರಾಮನ್ನು ಹೊಲಿಯಲು ಬಾರದು, ಅಂಟಿಸಿದರೆ ನಿಲ್ಲದು. ಡಬ್ಬಿಯನ್ನೇ ಬದಲಿಸಬೇಕು, ಬದಲಿಸುವಾಗ ಮೂರು ಅಂಕಿಗಳು ತಾಳೆಯಾಗಬೇಕು. ಜೆ.ಸಿ. ರಸ್ತೆಯಲ್ಲಿ ದೊರೆಯದಿದ್ದರೆ ಶಿವಾಜಿನಗರದ ಗುಜರಿಗಳಲ್ಲಿ ಹುಡುಕಬಹುದು, ಅಲ್ಲಿಯೂ ಇಲ್ಲದಿದ್ದರೆ ಎಂ.ಜಿ. ಕಾರುಗಳ ಬಿಡಿಭಾಗ ಮಾರುವ ಇಂಗ್ಲೆಂಡಿನ ಅಂಗಡಿಗಳಿಂದ ತರಿಸಬಹುದು. ಅದು ಬರುವ ತನಕ ಕಾರನ್ನು ಓಡಿಸಲೇಬೇಕಾದರೆ ಪೈಪನ್ನು ಹಾಗೆಯೇ ತೆರೆದುಬಿಡದೆ, ಕಾರ್ಬುರೇಟರಿನ ಮೂತಿಗೆ ರಬ್ಬರ್ ಬಿರಡೆಯೊಂದನ್ನು ಬಿಗಿಯಾಗಿ ತೊಡಿಸಿಡಬೇಕು. ಇಲ್ಲವಾದರೆ ಕಾಲು ಊರಿದಾಗಲೆಲ್ಲ ಆ ರಂಧ್ರದಿಂದ ಕಳ್ಳಗಾಳಿ ನುಗ್ಗಿ ಮಿಕ್ಸ್ಚರು ತೆಳುವಾಗುತ್ತದೆ, ಧೂಳೂ ಅದರೊಡನೆಯೇ ಒಳಗೆ ಹೋಗುತ್ತದೆ.